ಗುರುತು ಉಳಿಯದ ಎಕ್ಕಡ

ಯಾರಾದರೂ ಎದುರಿಗೆ ಬಂದರೆ ನಾನು ಮೊದಲು ನೋಡುವುದು ಅವರ ಕಾಲು. ಮುಖ ಆಮೇಲೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೇ ಬಂತು. ಹುಡುಗ ತಲೆ ಎತ್ತಲಿಲ್ಲ, ಬಹಳ ಸಂಕೋಚದವನು ಅಂದುಕೊಂಡರು. ನಾನು ಅಷ್ಟು ಹೊತ್ತೂ, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಹುಡುಗಿಯ ತಂದೆಯ ಅಂಗಾಲಿನ ಆಣಿಯನ್ನು ನೋಡುತ್ತಿದ್ದೆ.

ಈ ಚಾಳಿ ಅಂಟಿಕೊಂಡದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಕಪಿಲಾ ಹೊಳೆಗೆ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ. ಹುಣಸೂರಿನ ಹೊರಗಿದ್ದ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾನು ಎಕ್ಕಡ ಮಾಡುತ್ತಿದ್ದೆ. ಕುಷ್ಠರೋಗ ಬಂದವರಿಗೆ ಮಾತ್ರೆಯಿಂದ ರೋಗ ನಿಲ್ಲುತ್ತದೆ, ಆದರೆ ಸತ್ತ ನರ ಮತ್ತೆ ಹುಟ್ಟುವುದಿಲ್ಲ. ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ, ಕೆಂಡ ತುಳಿದರೂ ತಿಳಿಯುವುದಿಲ್ಲ. ನೋವೇ ಇಲ್ಲದ ಕಾಲು ಹೆಚ್ಚು ದಿನ ಉಳಿಯುವುದಿಲ್ಲ. ಅಂಥ ಕಾಲಿಗೆ ಮೆತ್ತನೆಯ ರಬ್ಬರಿನ ಹಾಸು, ಅದರ ಕೆಳಗೆ ಗಟ್ಟಿ ತಳ, ಒಂದೇ ಒಂದು ಮೊಳೆಯೂ ಇಲ್ಲದ ಪಟ್ಟಿ ಕೂರಿಸಿ ಎಕ್ಕಡ ಮಾಡಿಕೊಡುವುದು ನನ್ನ ಕೆಲಸ. ಮೊಳೆ ಒಂದಲ್ಲ ಒಂದು ದಿನ ಮೇಲೇಳುತ್ತದೆ, ಎದ್ದದ್ದು ಆ ಕಾಲಿಗೆ ಗೊತ್ತಾಗುವುದಿಲ್ಲ.

ಅಳತೆ ತೆಗೆಯುವ ಕ್ರಮವೇ ಒಂದು ಸೊಗಸು. ಸಣ್ಣ ಗೀರುಗಳಿರುವ ರಬ್ಬರ್ ಹಾಳೆಗೆ ತೆಳ್ಳಗೆ ಮಸಿ ಬಳಿದು, ಮೇಲೆ ಬಿಳಿ ಕಾಗದ ಹರಡಿ, ಅದರ ಮೇಲೆ ರೋಗಿಯಿಂದ ಒಂದು ಹೆಜ್ಜೆ ಇಡಿಸಬೇಕು. ಕಾಗದ ಎತ್ತಿ ತಿರುಗಿಸಿದರೆ ಪಾದ ಮೂಡಿರುತ್ತದೆ. ಭಾರ ಎಲ್ಲಿ ಹೆಚ್ಚು ಬೀಳುತ್ತದೋ ಅಲ್ಲಿ ಕಪ್ಪು ದಟ್ಟವಾಗಿರುತ್ತದೆ, ಹುಣ್ಣು ಏಳುವುದೂ ಅಲ್ಲೇ. ಆ ಜಾಗಕ್ಕೆ ಸರಿಯಾಗಿ ರಬ್ಬರನ್ನು ಕೊಂಚ ಕೆತ್ತಿ, ಭಾರವನ್ನು ಸುತ್ತಲೂ ಹಂಚಬೇಕು. ಈ ಕಾಗದಗಳನ್ನು ಒಣಗಲೆಂದು ನನ್ನ ಕೋಣೆಯ ತಂತಿಗೆ ನೇತುಹಾಕುತ್ತಿದ್ದೆ. ಮಧ್ಯಾಹ್ನದ ಗಾಳಿಗೆ ಅವು ಅಲುಗಾಡುವಾಗ, ಊಟವಾದ ಮಂಪರಿನಲ್ಲಿ, ಎಷ್ಟೋ ಜನ ಸದ್ದಿಲ್ಲದೆ ನನ್ನ ತಲೆಯ ಮೇಲೆ ನಡೆದು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು. ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಯೋಚಿಸುತ್ತಲೇ ನಿದ್ದೆ ಹೋಗುತ್ತಿದ್ದೆ.

ಮಂಗಳವಾರ ಮಂಗಳವಾರ ಹ್ಯಾಂಡ್‌ಪೋಸ್ಟಿನಲ್ಲಿ, ರಸ್ತೆ ಕವಲಾಗುವ ಕಡೆ, ಒಂದು ಹುಣಸೆಮರದ ಕೆಳಗೆ ನಾವು ರೋಗಿಗಳನ್ನು ನೋಡುತ್ತಿದ್ದೆವು. ಒಂದು ವರ್ಷ, ಚಳಿಗಾಲದ ಒಂದು ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ, ಬಸ್ಸುಗಳು ದೀಪ ಹಚ್ಚಿಕೊಂಡೇ ಬರುತ್ತಿದ್ದವು. ಮಂಜಿನೊಳಗಿಂದ ಒಬ್ಬ ನಡುವಯಸ್ಸಿನವನು ಬಂದು ದೂರದಲ್ಲೇ ಕುಳಿತ. ಕಾಡಂಚಿನ ಹಾಡಿಯವನು, ಬಿದಿರು ಕಡಿಯುವ ಕೂಪಿನಲ್ಲಿ ಕೂಲಿ. ಅವನ ಹೆಸರನ್ನು ನಾನು ಬರೆಯುವುದಿಲ್ಲ. ಉಳಿದವರೆಲ್ಲ ಹೋಗುವ ತನಕ ಕಾದು ಹತ್ತಿರ ಬಂದ.

"ಮುಳ್ಳು ಒಕ್ಕೈತೆ ಸೋಮಿ, ತೆಗೆದ್ಬುಡಿ" ಅಂದ.

ಸುತ್ತಿದ್ದ ಬಟ್ಟೆ ಬಿಚ್ಚಿದೆ. ಹೆಬ್ಬೆರಳ ಬುಡದಲ್ಲಿ ಅಂಗಾಲು ಹುಣ್ಣಾಗಿತ್ತು. ಇಕ್ಕಳ ಹಾಕಿ ಒಂದಂಗುಲದ ಬಿದಿರು ಮುಳ್ಳನ್ನು ಎಳೆದೆ. ಅವನು ಆ ಕಾಲು ತನ್ನದಲ್ಲವೆಂಬಂತೆ ಬಸ್ಸು ನೋಡುತ್ತ ಕುಳಿತಿದ್ದ.

"ಯಾವಾಗಣ್ಣ ಚುಚ್ಚಿದ್ದು?"

"ಯಾರಿಗ್ ಗೊತ್ತು. ರಕ್ತ ಕಂಡಾಗ ನೋಡ್ದೆ."

ಆಮೇಲೆ ತಾನಾಗಿಯೇ ಹೇಳಿದ. "ಇದೇನೂಂತ ನಂಗೆ ಗೊತ್ತು ಸೋಮಿ. ನಮ್ ದೊಡ್ಡಪ್ಪಂಗೂ ಇಂಗೇ ಆಗಿತ್ತು. ತೊರೆ ಆಚೆ ಗುಡ್ಲು ಆಕ್ಕೊಟ್ರು. ಮುದ್ದೆ ತಗಂಡೋಗಿ ನಾನೇ ಬಂಡೆ ಮ್ಯಾಲೆ ಇಟ್ಟು ಬತ್ತಿದ್ದೆ. ನಾನು ಇಂದಕ್ ಬಂದ್ಮ್ಯಾಲೆ ಅವ್ನು ಬಂದು ಎತ್ಕತಿದ್ದ. ಕೂಪಲ್ಲಿ ನಾವು ಒಂಬತ್ ಜನ ಒಂದೇ ಮಡಕೇಲಿ ಬೇಯಿಸ್ಕಂಡು ಒಟ್ಗೆ ಕೂತ್ಕಂಡು ಉಣ್ತೀವಿ. ಗೊತ್ತಾದ್ರೆ ನಂಗೂ ಬಂಡೇನೇ."

ಅವನಿಗೆ ಕಾಲಿನ ಚಿಂತೆ ಅಷ್ಟಿರಲಿಲ್ಲ. ಆ ಮಡಕೆಯ ಸುತ್ತ ತನ್ನ ಜಾಗ ಉಳಿಯಬೇಕು, ಅಷ್ಟೇ. ನಾನು ಇದನ್ನು ಕಿವಿಯಿಂದ ಕೇಳಿದೆ, ತಲೆಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣೆಲ್ಲ ಹುಣ್ಣಿನ ಮೇಲಿತ್ತು.

ಕೂಪಿನಲ್ಲಿ ಬಿದ್ದು ಕಾಲು ಮುರಿಯಿತೆಂದು ಹಾಡಿಗೆ ಹೇಳಿ ಅವನು ಆಸ್ಪತ್ರೆಗೆ ಬಂದ. ಹುಣ್ಣಿನ ಮೇಲೆ ಭಾರ ಬೀಳದಂತೆ ಆರು ವಾರ ಪ್ಲಾಸ್ಟರ್. ಆಸ್ಪತ್ರೆಯ ಹೊಣೆ ಹೊತ್ತಿದ್ದ ಸಿಸ್ಟರ್ ಸ್ವತಃ ಡಾಕ್ಟರು. ಪರೀಕ್ಷೆ ಮಾಡಿ, ಇವನಿಂದ ಯಾರಿಗೂ ಅಂಟುವ ಭಯವಿಲ್ಲವೆಂದು ಬರೆದರು. ಮಾತ್ರೆ ಶುರುವಾಯಿತು. ಅವನಿಗೋ ಕೂತು ಅಭ್ಯಾಸವಿಲ್ಲ. ಬೆಳಿಗ್ಗೆ ಅಂಗಳದ ಕಟ್ಟೆಯ ಮೇಲೆ ಪ್ಲಾಸ್ಟರ್ ಕಾಲು ಚಾಚಿ ನೆಲ ನೋಡುತ್ತಿದ್ದ. ನೆಲದಲ್ಲಿ ಏನಿದೆ ಎಂದು ಒಮ್ಮೆ ಕೇಳಿದೆ.

"ಅಮ್ಮೋರು ಎದ್ದು ಪೂಜೆಗೋದ್ರು" ಅಂದ. ಸಿಸ್ಟರನ್ನು ಅವನು ಅಮ್ಮೋರು ಅನ್ನುತ್ತಿದ್ದ. "ಎಡಗಾಲು ಒಸಿ ಒಳಕ್ ತಿರುಗ್ಸಿ ಇಡ್ತಾರೆ. ಅಡುಗೆಯವ್ನು ನೀರು ಒತ್ಕಂಡು ಬಂದವ್ನೆ, ಹಿಮ್ಮಡಿ ಆಳ ಇಳಿದೈತೆ ನೋಡಿ. ನೀವು ರಾತ್ರಿ ಸರ್ಯಾಗಿ ನಿದ್ದೆ ಮಾಡಿಲ್ಲ. ಕಾಲು ಎಳ್ಕಂಡು ಬಂದಿದೀರ."

ಮೂರೂ ನಿಜ. ಅಂದಿನಿಂದ ನಾನು ಅವನ ಶಿಷ್ಯನಾದೆ. ಹೆಜ್ಜೆಯ ಅಂಚು ಕುಸಿದಿದ್ದರೆ ಹಳೆಯದು, ಚೂಪಾಗಿದ್ದರೆ ಹೊಸತು. ಒಣಎಲೆ ಹೆಜ್ಜೆಯ ಒಳಗಿದ್ದರೆ ಮನುಷ್ಯ ಎಲೆಗಿಂತ ಮೊದಲು ಬಂದವನು. ಅವನು ಕಾಡಿನಲ್ಲಿ ಆನೆಯ ಹೆಜ್ಜೆ ನೋಡಿ ದಾರಿ ಬದಲಿಸುತ್ತ ಬೆಳೆದವನು, ಹಾಡಿಯವರಿಗೆಲ್ಲ ಅದು ಉಸಿರಾಟದಷ್ಟೇ ಸಹಜ. ನನ್ನ ತಂತಿಯ ಕಾಗದಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿ, "ಇವ್ರು ಯಾರೂ ಎಲ್ಲಿಗೂ ಓಗ್ತಿಲ್ವಲ್ಲ, ಸುಮ್ಕೆ ನಿಂತವ್ರೆ" ಅಂದ. ಆ ಮಾತು ಎಷ್ಟೋ ದಿನ ನನ್ನ ನಿದ್ದೆಯೊಳಗೆ ಬಂದು ಹೋಗುತ್ತಿತ್ತು.

ಸಿಸ್ಟರ್ ಪ್ರತಿ ವರ್ಷ ಈಸ್ಟರಿಗೆ ಮುಂಚೆ ದೂರದೇಶದ ಒಂದು ಕ್ರೈಸ್ತ ಸಭೆಗೆ ಪತ್ರ ಬರೆಯುತ್ತಿದ್ದರು. ಅವರು ಕಳಿಸುವ ಹಣವೇ ನಮ್ಮ ಆಸ್ಪತ್ರೆಗೆ ಆಸರೆ. ಪತ್ರದ ಕೊನೆಗೆ 'ಈ ವರ್ಷದ ಯಶಸ್ಸು' ಎಂಬ ತಲೆಬರಹ, ಅದರ ಕೆಳಗೆ ಪ್ರತಿ ವಿಭಾಗದವರೂ ಮೂರು ಸಾಲು ಬರೆದುಕೊಡಬೇಕು. ಹಿಂದಿನ ವರ್ಷ ನನ್ನ ಸಾಲುಗಳು ತೀರ ಬಡವಾಗಿದ್ದವು. ಆ ಸಲ ಕಣ್ಣಿಗೆ ಕಾಣುವಂಥದ್ದು ಏನಾದರೂ ಮಾಡಬೇಕೆಂದು ಹಟ ಹುಟ್ಟಿತು.

ಒಂದು ಮಧ್ಯಾಹ್ನ ಮಂಪರಿನಲ್ಲಿ ಹೊಳೆಯಿತು. ಎಕ್ಕಡದ ತಳಕ್ಕೆ ನಾನು ನಯವಾದ ಗಟ್ಟಿ ರಬ್ಬರ್ ಹಾಳೆ ಬಳಸುತ್ತಿದ್ದೆ. ಅದಕ್ಕೊಂದು ಶಿಲುಬೆಯ ಅಚ್ಚು ಒತ್ತಿದರೆ? ನಮ್ಮ ರೋಗಿಗಳು ನಡೆದಲ್ಲೆಲ್ಲ ದೂಳಿನಲ್ಲಿ ಪುಟ್ಟ ಪುಟ್ಟ ಶಿಲುಬೆಗಳು ಮೂಡುತ್ತವೆ. ಯಾರೂ ಮುಟ್ಟದ ಕಾಲುಗಳು ಸ್ವಾಮಿಯ ಗುರುತನ್ನು ಊರೂರಿಗೆ ಒಯ್ಯುತ್ತವೆ. ಯೋಚಿಸಿಯೇ ನನ್ನ ಕಣ್ಣು ತುಂಬಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಕಮ್ಮಾರನ ಹತ್ತಿರ ಕಬ್ಬಿಣದ ಅಚ್ಚು ಹೊಡೆಸಿದೆ. ಕೆಂಪಗೆ ಕಾಯಿಸಿ ಒತ್ತಿದರೆ ರಬ್ಬರ್ ಸುಟ್ಟ ವಾಸನೆ, ಹೊಗೆ, ಆಮೇಲೆ ನೀಟಾದ ಶಿಲುಬೆ. ಆರೇಳು ಜೊತೆಗೆ ಒತ್ತಿದೆ. ಮೊದಲ ಜೊತೆ ಹ್ಯಾಂಡ್‌ಪೋಸ್ಟಿನ ಬಸ್ಸುಕಟ್ಟೆಯಲ್ಲಿ ಬೇಡುತ್ತಿದ್ದ ನಮ್ಮ ಹಳೆಯ ರೋಗಿಗೆ ಹೋಯಿತು, ಎರಡನೆಯದು ಬಿದಿರಿನವನಿಗೆ.

ಪ್ಲಾಸ್ಟರ್ ಬಿಚ್ಚಿದಾಗ ಹುಣ್ಣು ಪೂರ್ತಿ ಮುಚ್ಚಿತ್ತು. ಅಂಗಳದ ಮರಳಿನ ಮೇಲೆ ಹೊಸ ಎಕ್ಕಡದಲ್ಲಿ ಅವನನ್ನು ನಡೆಸಿದೆ. ಶಿಲುಬೆಗಳು ಸಾಲಾಗಿ ಮೂಡಿದವು. ಸಿಸ್ಟರ್ ಕೈಮುಗಿದು ನಿಂತರು. "ಈಸ್ಟರ್ ಕಳೆದ ಮೇಲೆ ಆ ಸಭೆಯವರು ಖುದ್ದು ಬರುತ್ತಿದ್ದಾರೆ. ಇದನ್ನು ಅವರು ನೋಡಲೇಬೇಕು. ಇವನನ್ನು ಆ ದಿನ ಕರೆದುಕೊಂಡು ಬನ್ನಿ" ಅಂದರು. ಅವನು ತಿರುಗಿ ತನ್ನ ಹೆಜ್ಜೆಗಳನ್ನು ಬಹಳ ಹೊತ್ತು ನೋಡಿದ. ಭಕ್ತಿಯಿಂದ ನೋಡುತ್ತಿದ್ದಾನೆ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ.

ಮುಂದಿನ ಎರಡು ಮಂಗಳವಾರ ಅವನು ಬರಲಿಲ್ಲ. ಮೂರನೆಯ ಮಂಗಳವಾರ ಕೆಲಸ ಮುಗಿಸಿ ಸೈಕಲ್ ಏರಿ ಹಾಡಿಗೆ ಹೋದೆ. ಬಿಸಿಲಿನಲ್ಲಿ ಮುತ್ತುಗ ಹೂಬಿಟ್ಟು ಕಾಡಿನಂಚು ಕೆಂಪಾಗಿತ್ತು. ಗಾಳಿಯಿಲ್ಲ, ಹಕ್ಕಿಯ ಕೂಗೂ ಇಲ್ಲ, ನಾನೊಬ್ಬನೇ ಯಾರದೋ ನಿದ್ದೆಯೊಳಗೆ ಸೈಕಲ್ ತುಳಿಯುತ್ತಿರುವ ಹಾಗೆ. ಗುಡಿಸಲ ಹಿಂದೆ ಅವನು ಬಿದಿರು ಸೀಳುತ್ತ ಕುಳಿತಿದ್ದ. ಬರಿಗಾಲು. ನಾನು ಮುಖ ನೋಡಲಿಲ್ಲ. ಕಾಲು ಎತ್ತಿ ನೋಡಿದೆ. ಅದೇ ಜಾಗದಲ್ಲಿ ಹುಣ್ಣು ಮತ್ತೆ ಬಾಯಿ ಬಿಟ್ಟಿತ್ತು.

ಸಿಟ್ಟು ನೆತ್ತಿಗೇರಿತು. "ಆರು ವಾರದ ಕೆಲಸ ಕಣಣ್ಣ. ಎಕ್ಕಡ ಎಲ್ಲಿ?"

ಅವನು ಸೂರಿನ ಹುಲ್ಲಿನೊಳಗಿಂದ ಎಕ್ಕಡ ಎಳೆದು ನನ್ನ ಮುಂದಿಟ್ಟ. ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿಗೆ ಎಲ್ಲ ಗೊತ್ತಿತ್ತು. ಮಾತಾಡಿದವಳು ಅವಳು.

"ನೀವು ಕೊಟ್ಟ ಎಕ್ಕಡ ಚೆಂದಾಗೈತೆ ಸೋಮಿ. ಆದ್ರೆ ಅದ್ಕೆ ಬಾಯಿ ಬಂದೈತೆ, ಅದೇ ಕಷ್ಟ."

ಅವನು ವಿವರಿಸಿದ. ಕೂಪಿಗೆ ಹೋದ ಮೂರನೆಯ ದಿನ ಮೇಸ್ತ್ರಿ ದಾರಿಯಲ್ಲಿ ನಿಂತು ನೆಲ ನೋಡುತ್ತಿದ್ದನಂತೆ. "ಹ್ಯಾಂಡ್‌ಪೋಸ್ಟಲ್ಲಿ ಬೇಡ್ತಾನಲ್ಲ ರೋಗದವ್ನು, ಅವ್ನ ಎಕ್ಕಡದ ಗುರ್ತು ಇಲ್ಲಿಗೆ ಎಂಗ್ಲಾ ಬಂತು?" ಎಂದು ಎಲ್ಲರನ್ನೂ ಕೇಳಿದನಂತೆ. ಬಸ್ಸುಕಟ್ಟೆಯ ದೂಳಿನಲ್ಲಿ ಆ ಗುರುತನ್ನು ಎಲ್ಲರೂ ನೋಡಿದ್ದರು. ಜೊತೆಯವರು ಗುರುತು ಹಿಡಿದು ಹೊರಟರು. ಹೆಜ್ಜೆ ಹಿಡಿಯುವುದರಲ್ಲಿ ಅವರೂ ಇವನಷ್ಟೇ ಗಟ್ಟಿಗರು.

"ನಾನೂ ಅವರ ಜೊತೇಲೇ ಉಡುಕ್ದೆ ಸೋಮಿ" ಅಂದ, ನಗುತ್ತಲೇ. "ತೊರೆ ದಾಟೋವಾಗ್ಲೇ ಕಳಚಿ ಪಂಚೇಲಿ ಸುತ್ಕಂಡಿದ್ದೆ. ತೊರೆ ಹತ್ರ ಗುರ್ತು ತಪ್ತು. ನೀರಲ್ಲಿ ಓಗ್ಬುಟ್ಟವ್ನೆ ಅಂತ ನಾನೇ ಯೋಳ್ದೆ."

ಅಂದಿನಿಂದ ಬರಿಗಾಲಲ್ಲಿ ಬಿದಿರು ಮುಳ್ಳಿನ ಮೇಲೆ ನಡೆದಿದ್ದ. ಉಳಿದವರೆಲ್ಲರ ಕಾಲಲ್ಲಿ ಲಾರಿ ಟೈರಿನ ಎಕ್ಕಡ. ಇವನದು ಹರಿದುಹೋಗಿದೆ ಎಂದು ಹೇಳಿಕೊಂಡಿದ್ದ. ಮತ್ತೆ ಆಸ್ಪತ್ರೆಗೆ ಬಾ ಅಂದೆ. ತಲೆ ಅಲ್ಲಾಡಿಸಿದ. "ಎರಡನೇ ಸಲ ಬಂದ್ರೆ ಅವ್ರೇನು ದಡ್ಡರಾ? ಕಾಲು ಓದ್ರೆ ಓಗ್ಲಿ ಸೋಮಿ. ಮಡಕೆ ಬುಡಾಕಿಲ್ಲ."

ಅವನು ಮೊದಲ ದಿನವೇ ಹೇಳಿದ್ದ ಮಾತು. ಈಗ ನನಗೆ ಕೇಳಿಸಿತು. ಎಲ್ಲರಿಂದ ಬಚ್ಚಿಟ್ಟುಕೊಳ್ಳಬೇಕಾದವನ ಕಾಲಿಗೆ ನಾನು ಡಂಗುರ ಕಟ್ಟಿ ಕಳಿಸಿದ್ದೆ. ಅದೂ ದೇವರ ಹೆಸರಿನಲ್ಲಿ. ಹುಣ್ಣು ತೊಳೆದು ಪಟ್ಟಿ ಹಾಕಿದೆ. ತೊರೆಯಲ್ಲಿ ಜಾರಿ ಕಾಲು ಉಳುಕಿದೆ ಎಂದು ಹೇಳಿ ಈಸ್ಟರ್ ತನಕ ಕೂಪಿಗೆ ಹೋಗದೆ ಮನೆಯಲ್ಲಿ ಕೂರಲು ಒಪ್ಪಿಸಿದೆ. ಕುಳಿತಲ್ಲೇ ಬುಟ್ಟಿ ಹೆಣೆಯುತ್ತಾನೆ, ನಾನು ವಾರಕ್ಕೊಮ್ಮೆ ಬುಟ್ಟಿ ಕೊಳ್ಳುವ ನೆಪದಲ್ಲಿ ಬಂದು ಪಟ್ಟಿ ಬದಲಿಸುತ್ತೇನೆ. ಆ ಹಂಗಾಮಿನಲ್ಲಿ ನಮ್ಮ ಆಸ್ಪತ್ರೆಯಲ್ಲಿ ಎಲ್ಲಿ ನೋಡಿದರೂ ಬುಟ್ಟಿ. ಅಡುಗೆಯವನು ನನಗೆ ಹುಚ್ಚು ಹಿಡಿದಿದೆ ಎಂದೇ ನಂಬಿದ್ದ.

ಸಿಸ್ಟರಿಗೆ ಹೇಳುವ ಧೈರ್ಯ ಬರಲಿಲ್ಲ. ಮೂರು ಸಾಲು ಬರೆದುಕೊಡಿ ಎಂದು ಎರಡು ಸಲ ಕೇಳಿದರು, ನಾಳೆ ಎಂದು ಎರಡು ಸಲ ತಪ್ಪಿಸಿಕೊಂಡೆ.

ಪವಿತ್ರ ಗುರುವಾರ ಬಂತು. ಸ್ವಾಮಿ ತಮ್ಮ ಕೊನೆಯ ಊಟದ ದಿನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ಆ ಸಂಜೆ ಗುಡಿಯಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಕಾಲು ತೊಳೆಸಿಕೊಳ್ಳುವವರು ಮನೆಯಲ್ಲೇ ಚೆನ್ನಾಗಿ ಉಜ್ಜಿ ತೊಳೆದು, ಉಗುರು ಕತ್ತರಿಸಿ ಬರುವುದು ನಮ್ಮಲ್ಲಿ ರೂಢಿ. ಕೊಳೆ ಕಾಲು ಒಡ್ಡಿ ಪಾದ್ರಿಗಳಿಗೆ ತೊಂದರೆ ಕೊಡುವುದುಂಟೆ? ನಾನು ಎಂದಿನಂತೆ ಕಾಲುಗಳನ್ನೇ ನೋಡುತ್ತ ಕುಳಿತಿದ್ದೆ. ಮೇಣದ ಬತ್ತಿಯ ಬೆಳಕು, ಸಾಂಬ್ರಾಣಿಯ ಹೊಗೆ, ತಟ್ಟೆಗೆ ಬೀಳುವ ನೀರಿನ ಸದ್ದು. ಅರೆನಿದ್ದೆಯಲ್ಲಿ ಆ ಮೊದಲಿನ ಹನ್ನೆರಡು ಜೊತೆ ಕಾಲುಗಳು ಕಣ್ಣಿಗೆ ಬಂದವು. ದೂಳಿನ ದಾರಿ ನಡೆದು ಬಂದ, ಬಿರುಕು ಬಿಟ್ಟ ಕಾಲುಗಳು. ಸ್ವಾಮಿ ತೊಳೆದರು, ಒರೆಸಿದರು. ಆಮೇಲೆ ಅವರೆಲ್ಲ ಎದ್ದು ಹೊರಗೆ ಹೋದರು. ಅಂಗಳ ದಾಟುವ ಹೊತ್ತಿಗೆ ಕಾಲು ಒಣಗಿರಬೇಕು. ಯಾರು ತೊಳೆದರೆಂಬ ಗುರುತು ಆ ಕಾಲುಗಳ ಮೇಲೆ ಏನಿತ್ತು? ಏನೂ ಇರಲಿಲ್ಲ. ಅವರು ಒಂದು ಗುರುತನ್ನೂ ಒತ್ತಿರಲಿಲ್ಲ.

ನನಗೆ ಪೂರ್ತಿ ಎಚ್ಚರವಾಯಿತು. ಪೂಜೆ ಮುಗಿದದ್ದೇ ಸಿಸ್ಟರ್ ಹಿಂದೆ ಹೋಗಿ ಎಲ್ಲ ಹೇಳಿದೆ. ಶಿಲುಬೆಯ ತಳಗಳನ್ನೆಲ್ಲ ಕಿತ್ತುಹಾಕುತ್ತೇನೆ, ಆ ಬೇಡುವವನದೂ ಸೇರಿ. ಬಿದಿರಿನವನನ್ನು ಯಾರ ಮುಂದೆಯೂ ತಂದು ನಿಲ್ಲಿಸುವುದಿಲ್ಲ.

ಅವರ ಮುಖ ಬಿಗಿಯಿತು. "ಹಾಗಾದರೆ ಬಂದವರಿಗೆ ನಾನು ಏನು ತೋರಿಸಲಿ?"

"ಗೊತ್ತಿಲ್ಲ ಸಿಸ್ಟರ್. ಅವನ ಎಕ್ಕಡ ನೋಡಿದರೆ ಯಾರಿಗೂ ಏನೂ ಅನ್ನಿಸಬಾರದು, ಹಾಗೆ ಮಾಡಿದರೆ ನಾನು ಗೆದ್ದ ಹಾಗೆ. ಅದನ್ನು ತೋರಿಸೋದು ಹೇಗೆ ಅಂತ ನನಗೆ ತಿಳಿಯದು."

ಅವರು ತಿರುಗಿ ನಡೆದರು. ಎಡಗಾಲು ಸ್ವಲ್ಪ ಒಳಕ್ಕೆ ತಿರುಗಿಸಿ ಇಡುತ್ತಿದ್ದುದು ಆ ಸಂಜೆ ನನಗೆ ಸ್ಪಷ್ಟವಾಗಿ ಕಂಡಿತು.

ಹ್ಯಾಂಡ್‌ಪೋಸ್ಟಿನಲ್ಲಿ ಟೈರ್ ಎಕ್ಕಡ ಮಾಡುತ್ತಿದ್ದ ಒಬ್ಬ ವಯಸ್ಸಾದ ಭಾಯ್ ಇದ್ದರು. ಅಣೆಕಟ್ಟಿಗೆ ಮಣ್ಣು ಹೊರುವ ಲಾರಿಗಳ ಸವೆದ ಟೈರೆಲ್ಲ ಅವರ ಅಂಗಡಿಗೇ ಬರುತ್ತಿತ್ತು. ಕೂಪಿನ ಕೂಲಿಗಳ ಕಾಲಲ್ಲಿದ್ದುದೆಲ್ಲ ಅವರ ಕೈಕೆಲಸ. ಈಸ್ಟರ್ ಮರುದಿನವೇ ಹೋಗಿ, ನನಗೆ ಬೇಕಾದ್ದನ್ನು ಹೇಳಿದೆ. ಯಾರಿಗೆ ಎಂದು ಹೇಳಲಿಲ್ಲ.

"ಅರೆ ಸಾರ್, ಮೊಳೆ ಇಲ್ದೆ ಎಕ್ಕಡಾನಾ" ಎಂದು ಭಾಯ್ ನಕ್ಕರು. "ಮೊಳೆ ಕಿತ್ಕೊಂಡ್ರೆ ತಾನೇ ಜನ ಮತ್ತೆ ನಮ್ಮತ್ರ ಬರೋದು." ಆದರೆ ಕೆಲಸ ಕೈಗೆತ್ತಿಕೊಂಡರು. ನೆಪ ಬಲು ಸುಲಭವಾಯಿತು. ಬಿದಿರಿನವನು ಹರಿದ ಎಕ್ಕಡ ರಿಪೇರಿಗೆ ಬಂದಂತೆ ಬರುತ್ತಿದ್ದ, ನಾನು ಅಂಗಡಿಯ ಹಿಂದೆ ಕಾದಿರುತ್ತಿದ್ದೆ. ಹುಣ್ಣು ಮತ್ತೆ ಮುಚ್ಚಿತ್ತು, ಚರ್ಮ ಇನ್ನೂ ಎಳೆಯದು. ಅವನ ಕಾಲನ್ನು ನೀರಿನಲ್ಲಿ ನೆನೆಹಾಕಿ, ದಡ್ಡುಗಟ್ಟಿದ ಚರ್ಮ ಉಜ್ಜಿ, ಹುಚ್ಚೆಳ್ಳೆಣ್ಣೆ ಸವರುತ್ತಿದ್ದೆ. ಎರಡನೆಯ ಸಲಕ್ಕೇ ಭಾಯ್‌ಗೆ ಎಲ್ಲ ಅರ್ಥವಾಗಿತ್ತು. ನಮಾಜಿಗೆ ಮುಂಚೆ ತಾವು ಕೈಕಾಲು ತೊಳೆಯುವ ಚೊಂಬಿನಲ್ಲೇ ನೀರು ತಂದು ಅವನ ಕಾಲಿಗೆ ಹೊಯ್ದರು.

"ನಾವು ದಿನಕ್ಕೆ ಐದು ಸಲ ಕಾಲು ತೊಳೀತೀವಿ" ಅಂದರು ನನಗೆ, ಕಣ್ಣು ಮಿಟುಕಿಸಿ. "ನಿಮ್ದು ವರ್ಷಕ್ಕೆ ಒಂದೇ ಸಲಾನಾ?"

ಮೊದಲ ಜೊತೆ ಕೆಟ್ಟಿತು. ಟೈರಿಗೆ ಅದರದೇ ಬಾಗು, ಮೇಲೆ ಮೆತ್ತನೆಯ ಹಾಸು ಅಂಟಿಸಿದರೆ ಬೆರಳ ಬುಡಕ್ಕೇ ಒತ್ತುತ್ತಿತ್ತು. ಮಸಿಯ ಕಾಗದದಲ್ಲಿ ಆ ಜಾಗ ಕಪ್ಪಗೆ ಕಂಡಿತು. ಭಾಯ್ ಟೈರಿನ ಒಳಪದರಗಳನ್ನು ಒಂದೊಂದಾಗಿ ಸುಲಿದು, ತೆಳುವಾದ ಮೇಲೆ ಬಿಸಿಲಿನಲ್ಲಿ ಕಲ್ಲು ಹೇರಿ ನಾಲ್ಕು ದಿನ ಇಟ್ಟು ನೆಟ್ಟಗೆ ಮಾಡಿದರು. ಎರಡನೆಯ ಜೊತೆಯಲ್ಲಿ ಟೈರಿಗೆ ಸೀಳು ಕೊಟ್ಟು ಪಟ್ಟಿಯನ್ನು ತೂರಿಸಿ ಕೆಳಗೆ ಮಡಚಿದೆವು. ಕಾಗದ ಚೆನ್ನಾಗಿ ಬಂತು. ನನಗೆ ಖುಷಿಯೋ ಖುಷಿ. ಬಿದಿರಿನವನು ಅಂಗಡಿ ಹಿಂದಿನ ದೂಳಿನಲ್ಲಿ ನಾಲ್ಕು ಹೆಜ್ಜೆ ನಡೆದು, ಬಗ್ಗಿ ನೋಡಿ, ತಲೆ ಅಲ್ಲಾಡಿಸಿದ.

"ಬಾಲ ಕಾಣ್ತೈತೆ" ಅಂದ. ಕೆಳಗೆ ಮಡಚಿದ ಪಟ್ಟಿಯ ತುದಿ ದೂಳಿನಲ್ಲಿ ಸಣ್ಣ ಗೀರಾಗಿ ಮೂಡಿತ್ತು. ಕೂದಲೆಳೆಯಷ್ಟು. ಹಾಡಿಯವರಿಗೆ ಅಷ್ಟೇ ಸಾಕು.

ಮೂರನೆಯ ಜೊತೆಗೆ ಪಟ್ಟಿಯನ್ನು ಟೈರಿಗೂ ಹಾಸಿಗೂ ನಡುವೆ ಸೇರಿಸಿ ಅಂಟಿಸಿದೆವು. ಹೊಲಿಗೆ ಟೈರಿನ ಗೀರುಗಳ ಆಳದಲ್ಲಿ ಓಡಿತು, ನೆಲಕ್ಕೆ ತಾಗದ ಹಾಗೆ. ಮೆತ್ತನೆಯ ಹಾಸಿನ ಬಿಳಿ ಅಂಚು ಕಾಣದಂತೆ ಸುತ್ತಲೂ ಹಳೆಯ ಟ್ಯೂಬಿನ ಕಪ್ಪು ಪಟ್ಟಿ. ಹೊಸತು ಹೊಸತಾಗಿ ಕಾಣಬಾರದೆಂದು ಭಾಯ್ ಅದನ್ನು ಕೆಂಪು ಮಣ್ಣಿನಲ್ಲಿ ಹೊರಳಾಡಿಸಿ, ಕಲ್ಲಿಗೆ ಉಜ್ಜಿ, ಒಂದು ದಿನ ತಾವೇ ಹಾಕಿಕೊಂಡು ಓಡಾಡಿದರು. ಇಷ್ಟು ಮೆತ್ತಗಿನ ಎಕ್ಕಡವನ್ನು ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಗೊಣಗಿದರು.

ಅಂಗಡಿ ಹಿಂದೆ ಪರೀಕ್ಷೆ ನಡೆಯಿತು. ಒಂದು ಸಾಲು ಭಾಯ್ ಮಾಮೂಲಿ ಎಕ್ಕಡದಲ್ಲಿ ನಡೆದರು, ಪಕ್ಕದಲ್ಲಿ ಇವನು ಹೊಸತರಲ್ಲಿ. ಆಮೇಲೆ ಇವನು ಕುಕ್ಕರಗಾಲಲ್ಲಿ ಕುಳಿತು ಎರಡನ್ನೂ ನೋಡಿದ. ಯಾವ ಮೇಲಧಿಕಾರಿ ಬಂದಾಗಲೂ ನನಗೆ ಅಷ್ಟು ಹೆದರಿಕೆ ಆದದ್ದಿಲ್ಲ.

"ನಂಗೆ ಗೊತ್ತಾಯ್ತದೆ" ಅಂದ ಕೊನೆಗೆ. "ಬ್ಯಾರೆಯೋರ್ಗೆ ಗೊತ್ತಾಗಾಕಿಲ್ಲ."

ಅದೇ ಎಕ್ಕಡ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಹೋದ.

ಸಭೆಯವರು ಬಂದರು. ಸಿಸ್ಟರ್ ಅವರಿಗೆ ವಾರ್ಡು ತೋರಿಸಿ, ನನ್ನ ಕೋಣೆಗೂ ಕರೆತಂದರು. ಅವರ ಕಾಲಿನ ಅಚ್ಚನ್ನೇ ಮಸಿಯಲ್ಲಿ ತೆಗೆದುಕೊಟ್ಟೆ, ಮಕ್ಕಳ ಹಾಗೆ ಸಂತೋಷಪಟ್ಟರು. ಒಬ್ಬರು ಸಿಸ್ಟರನ್ನು ಕೇಳಿದರು, ಪತ್ರದಲ್ಲಿ ನೀವು ಬರೆಯುವ ಆ ಯಶಸ್ಸು, ಅದನ್ನು ನೋಡಬಹುದೇ ಎಂದು. ನಾನು ನೆಲ ನೋಡಿದೆ. ಸಿಸ್ಟರ್ ತಂತಿಯ ಮೇಲಿನ ಕಾಗದಗಳ ಕಡೆ ನೋಡಿದರು.

"ಇಲ್ಲಿಲ್ಲ. ಅವನು ಕೆಲಸಕ್ಕೆ ಹೋಗಿದ್ದಾನೆ" ಅಂದರು.

ಅಷ್ಟೇ. ಬಂದವರು ಹೋದ ಮೇಲೆ, ಸಿಸ್ಟರ್ ಆ ವರ್ಷದ ಪತ್ರದ ನಕಲನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಈಸ್ಟರಿಗೆ ಮುಂಚೆಯೇ ಕಳಿಸಿಬಿಟ್ಟಿದ್ದ ಪತ್ರ. ತಲೆಬರಹದ ಕೆಳಗೆ ನನ್ನ ವಿಭಾಗದ ಮೂರು ಸಾಲಿನ ಜಾಗ ಖಾಲಿಯಿತ್ತು. ಅವರು ಅದನ್ನು ಬೇರೆ ಯಾವುದರಿಂದಲೂ ತುಂಬಿರಲಿಲ್ಲ.

ಭರಣಿ ಮಳೆ ಒಂದು ಹದ ಬಿದ್ದು ನಿಂತ ಮೇಲೆ, ಒಂದು ಮಧ್ಯಾಹ್ನ ನಾನು ಕೂಪಿನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋದೆ. ಕೆಲಸವೇನೂ ಇರಲಿಲ್ಲ, ನೋಡಬೇಕೆನಿಸಿತ್ತು. ಮಣ್ಣು ಮೆತ್ತಗಿತ್ತು, ಬಿದಿರ ಮೆಳೆಗಳಿಂದ ಇನ್ನೂ ಹನಿ ಉದುರುತ್ತಿತ್ತು, ಒದ್ದೆ ಬೆಳಕಿನಲ್ಲಿ ಕಾಡು ಈಗತಾನೆ ಎದ್ದಂತಿತ್ತು. ದಾರಿಯ ತುಂಬ ಲಾರಿ ಟೈರಿನ ಎಕ್ಕಡದ ಹೆಜ್ಜೆಗಳು. ಅವನು ಕಲಿಸಿದ್ದನ್ನೆಲ್ಲ ನೆನಪಿಸಿಕೊಂಡು ಬಗ್ಗಿದೆ. ಅಂಚು ನೋಡಿದೆ, ಆಳ ನೋಡಿದೆ, ಒಂದು ಹೆಜ್ಜೆಯ ಪಕ್ಕ ಇನ್ನೊಂದನ್ನು ಬೆರಳಲ್ಲಿ ಅಳೆದೆ. ಆ ಕಾಲನ್ನು ನನ್ನ ಕೈಯಾರೆ ಎಷ್ಟು ಸಲ ತೊಳೆದಿದ್ದೆ. ಆ ಎಕ್ಕಡದ ಪ್ರತಿ ಹೊಲಿಗೆ ನನಗೆ ಗೊತ್ತಿತ್ತು. ಆದರೂ ಅವನ ಹೆಜ್ಜೆ ಯಾವುದೆಂದು ಸಿಗಲಿಲ್ಲ. ಎದೆ ತುಂಬಿ ಬಂತು, ಮೊಣಕಾಲೂರಿ ಹಾಗೇ ಕುಳಿತುಬಿಟ್ಟೆ.

ದಾರಿಯಂಚಿನ ಮರದ ಕೆಳಗೆ ಅವರು ಊಟಕ್ಕೆ ಕುಳಿತಿದ್ದುದನ್ನು ನಾನು ಗಮನಿಸಿರಲಿಲ್ಲ. ಒಂಬತ್ತು ಜನ, ನಡುವೆ ಮಡಕೆ, ಎಲೆಗಳ ಮೇಲೆ ಮುದ್ದೆ. ಅವರಲ್ಲೊಬ್ಬ ನನ್ನನ್ನು ನೋಡಿ ಕೂಗಿದ.

"ಏನ್ ಸೋಮಿ, ಏನಾರ ಕಳ್ಕಂಡ್ರಾ?"

"ಹೂಂ ಕಣಣ್ಣ" ಅಂದೆ. "ಹುಡುಕ್ತಾ ಇದೀನಿ, ಸಿಗ್ತಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಬಿದಿರಿನವನೂ ತಿರುಗಿದ. ಬುಟ್ಟಿ ಕೊಳ್ಳಲು ಬರುತ್ತಿದ್ದವನು ಎಂಬುದಕ್ಕಿಂತ ಹೆಚ್ಚೇನೂ ನನ್ನನ್ನು ಅರಿಯದವನ ಮುಖ. ಮಡಕೆಗೆ ಸೌಟು ಹಾಕಿ, ತನ್ನ ಪಕ್ಕದವನ ಎಲೆಗೆ ಸಾರು ಬಡಿಸಿದ. ಆಮೇಲೆ ತನ್ನ ಎಲೆಗೆ ಬಡಿಸಿಕೊಂಡ.

"ಸಿಗಾಕಿಲ್ಲ ಬುಡಿ" ಅಂದ.